ಒಂದೇ ನಂಬರಿನ ಮೂವತ್ತೇಳು ಮಂದಿ

ಕಪಾಟಿನ ಮೇಲಿನಿಂದ ಹಳೆಯ ಫೈಲುಗಳನ್ನು ಇಳಿಸುತ್ತಿದ್ದಾಗ ರಟ್ಟಿನ ತುಂಡೊಂದು ಕಾಲ ಬಳಿ ಬಿತ್ತು. ಬಿಸ್ಕಿಟ್ ಪೆಟ್ಟಿಗೆಯ ಒಂದು ಬದಿಯನ್ನು ಕತ್ತರಿಸಿ ತೆಗೆದದ್ದು. ಮೇಲ್ಗಡೆ ಎರಡು ತೂತು, ಅದರಲ್ಲಿ ಇನ್ನೂ ಗೇಣುದ್ದ ಹುರಿ. ಎತ್ತಿ ಮೂಗಿನ ಹತ್ತಿರ ಹಿಡಿದೆ. ಮೂವತ್ತು ವರ್ಷಕ್ಕೂ ಮೇಲಾಯಿತು, ಆದರೂ ಹೊಗೆಸೊಪ್ಪಿನ ವಾಸನೆ ಹೋಗಿಲ್ಲ. ಅಥವಾ ಹೋಗಿದೆಯೋ, ನನ್ನ ಮೂಗೇ ಅದನ್ನು ಬಿಟ್ಟುಕೊಟ್ಟಿಲ್ಲವೋ...

ಅದು ಬೆಳ್ಮಣ್ಣಿನ ಒಂದು ಬೀಡಿ ಬ್ರಾಂಚಿನ ಗೋಡೆಯಲ್ಲಿ ನೇತಾಡುತ್ತಿದ್ದ ರಟ್ಟು. ಹೆಂಗಸರು ಮನೆಯಲ್ಲಿ ಕಟ್ಟಿ ತಂದ ಬೀಡಿಯನ್ನು ತೆಗೆದುಕೊಂಡು, ಮರುದಿನಕ್ಕೆ ಎಲೆ, ಹೊಗೆಸೊಪ್ಪು ಕೊಡುವ ಸಣ್ಣ ಅಂಗಡಿ. ಅಲ್ಲೊಂದು ಕರಿ ಫೋನಿತ್ತು. ಸುತ್ತಮುತ್ತ ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ಮುಂಬಯಿಯಿಂದ ಮಗನ ಫೋನು ಬಂದರೂ, ಸಾವಿನ ಸುದ್ದಿ ಬಂದರೂ ಅಂಗಡಿಯವರೇ ಸೈಕಲ್ ಹತ್ತಿ ಹೋಗಿ ಕರೆದು ತರಬೇಕು. ಹಾಗಾಗಿ ಊರವರಿಗೆ ಅವರು ಫೋನಣ್ಣ. ನನಗೂ ಕೊನೆಯವರೆಗೆ ಹಾಗೆಯೇ.

ನಾನು ಅವರನ್ನು ಕಂಡದ್ದು ಒಂದೇ ಸಲ. ಉಳಿದದ್ದೆಲ್ಲ ಬರಿಯ ಸ್ವರ.

ಎಂಬತ್ತರ ದಶಕದ ಕೊನೆ. ಪರ್ಕಳದಲ್ಲಿ ಬಾಡಿಗೆ ಕೋಣೆ, ಮಣಿಪಾಲದಲ್ಲಿ ಕೆಲಸ. ನಮ್ಮದು ಆರು ಜನರ ಸಣ್ಣ ಕಂಪ್ಯೂಟರ್ ಕಚೇರಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕು, ಮೆಷಿನಿಗೆ ಎ.ಸಿ., ನಮಗೆ ಶೀತ. ರಕ್ತದಾನಿಗಳ ಸಂಘವೊಂದು ತನ್ನ ಪಟ್ಟಿಯನ್ನೆಲ್ಲ ನಮಗೆ ಕೊಟ್ಟಿತ್ತು. ಯಾವ ಊರಿನಲ್ಲಿ ಯಾವ ಗುಂಪಿನವರಿದ್ದಾರೆ ಎಂದು ಕೇಳಿದರೆ ಕ್ಷಣದಲ್ಲಿ ಹೇಳುವ ಹಾಗೆ ಮಾಡಬೇಕಿತ್ತು. ಎದುರಿನ ಆಸ್ಪತ್ರೆಯ ರಕ್ತನಿಧಿಗೆ ರಸ್ತೆ ದಾಟಿಸಿ ಒಂದು ತಂತಿ ಎಳೆದು, ಅಲ್ಲೊಂದು ಪರದೆ, ಒಂದು ಕೀಲಿಮಣೆ ಇಟ್ಟೆವು. ಇಲ್ಲಿರುವ ಪಟ್ಟಿಯನ್ನು ಅಲ್ಲಿ ಕೂತು ಓದಬಹುದು! ಇಂದಿನ ಮಕ್ಕಳು ನಕ್ಕಾರು. ಅಂದು ಆ ತಂತಿಯನ್ನು ನೋಡಲಿಕ್ಕೇ ಜನ ಬರುತ್ತಿದ್ದರು.

ಪ್ರೋಗ್ರಾಮ್ ಬರೆದವಳು ನಾನು. ಅಹಂಕಾರ ಇರಲಿಲ್ಲ ಎಂದರೆ ಸುಳ್ಳಾದೀತು.

ಒಂದೇ ತೊಂದರೆ, ಪಟ್ಟಿಯಲ್ಲಿ ಒಬ್ಬರೇ ಮೂರು ಮೂರು ಸಲ ಬರುತ್ತಿದ್ದರು. ಹಿರಿಯಡ್ಕದ ಶಿಬಿರದಲ್ಲಿ ಅಪ್ಪನ ಹೆಸರು ಸೇರಿಸಿ ಬರೆಸಿದವರು ಕಾರ್ಕಳದ ಶಿಬಿರದಲ್ಲಿ ಮನೆಯ ಹೆಸರು ಸೇರಿಸಿ ಬರೆಸುತ್ತಿದ್ದರು. ಮೆಷಿನಿನಲ್ಲಿ ಜಾಗ ಕಡಿಮೆ. ನಾನು ತಲೆ ಓಡಿಸಿದೆ. ಹೆಸರು ಹೇಗೆ ಬರೆದರೂ ಫೋನ್ ನಂಬರ್ ಬದಲಾಗುವುದಿಲ್ಲವಲ್ಲ? ಒಂದು ನಂಬರಿಗೆ ಒಬ್ಬರನ್ನು ಉಳಿಸಿ ಬಾಕಿಯವರನ್ನು ಅಳಿಸಿಬಿಡುವಂತೆ ಆಜ್ಞೆ ಕೊಟ್ಟೆ. ಪಟ್ಟಿ ಚೊಕ್ಕವಾಯಿತು. ಮ್ಯಾನೇಜರ್ ಬೆನ್ನು ತಟ್ಟಿದರು.

ಆಗ ಯಾವ ಅರ್ಜಿಯಲ್ಲಾದರೂ ಫೋನ್ ನಂಬರಿನ ಮುಂದೆ ಜನ ಪಿ.ಪಿ. ಎಂದು ಬರೆಯುತ್ತಿದ್ದರು. ಫೋನು ನನ್ನದಲ್ಲ, ಅಲ್ಲಿಗೆ ಮಾಡಿದರೆ ನನ್ನನ್ನು ಕರೆಯುತ್ತಾರೆ ಎಂದರ್ಥ. ಊರಿನಲ್ಲಿ ನಮ್ಮ ಮನೆಯ ನಂಬರೂ ಪಕ್ಕದ ಮನೆಯವರ ಪಿ.ಪಿ.ಯೇ ಆಗಿತ್ತು. ಆದರೂ ನನ್ನ ಪ್ರೋಗ್ರಾಮಿನಲ್ಲಿ ಆ ಎರಡಕ್ಷರಕ್ಕೆ ನಾನು ಜಾಗ ಇಟ್ಟಿರಲಿಲ್ಲ.

ಅದಾಗಿ ಎರಡು ವಾರ ಕಳೆದಿರಬೇಕು. ಮಧ್ಯಾಹ್ನದ ಊಟ ಮುಗಿಸಿ ಕೂತಿದ್ದೆ. ರಕ್ತನಿಧಿಯ ಟೆಕ್ನಿಷಿಯನ್ ರಸ್ತೆ ದಾಟಿ ಓಡಿ ಬಂದರು. ಕಾಪುವಿನಿಂದ ತಂದ ಬಾಣಂತಿ, ರಕ್ತಸ್ರಾವ ನಿಲ್ಲುತ್ತಿಲ್ಲ, ಓ ನೆಗೆಟಿವ್ ಬೇಕು, ನಿಧಿಯಲ್ಲಿದ್ದ ಒಂದೇ ಬಾಟಲಿ ಏರಿಸಿ ಆಗಿದೆ. "ನಮ್ಮ ಪರದೆ ಯಾರೂ ಇಲ್ಲ ಅಂತ ತೋರಿಸ್ತಾ ಉಂಟು. ನೀವೊಮ್ಮೆ ಇಲ್ಲಿ ನೋಡಿ."

ಅವರ ಹಿಂದೆಯೇ ಒಬ್ಬ ಹೆಂಗಸು ಒಳಗೆ ಬಂದರು. ಬಾಣಂತಿಯ ತಾಯಿ. ಚಪ್ಪಲಿ ಬಿಡಿ ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಸೀರೆಯ ಸೆರಗಿನಲ್ಲಿ ಮಗಳ ಬಳೆಗಳನ್ನು ಕಟ್ಟಿಕೊಂಡಿದ್ದರು. ನನ್ನ ಕುರ್ಚಿಯ ಹಿಂದೆ ನಿಂತು ಪರದೆಯನ್ನೇ ನೋಡತೊಡಗಿದರು.

ನಾನು ಮೆಷಿನನ್ನು ಕೇಳಿದೆ. ಉಡುಪಿಯಲ್ಲಿ ಒಬ್ಬರು, ಅವರು ರಕ್ತ ಕೊಟ್ಟು ತಿಂಗಳಾಗಿರಲಿಲ್ಲ. ಕಾಪು, ಇಲ್ಲ. ಕಾರ್ಕಳ, ಇಲ್ಲ. ಬೆಳ್ಮಣ್, ಇಲ್ಲ.

"ಆ ಪೆಟ್ಟಿಗೆಯಲ್ಲಿ ಎಲ್ಲರ ಹೆಸರೂ ಉಂಟಂತಲ್ಲ ಮಗಾ," ಎಂದರು ಆ ತಾಯಿ. "ಸಿಕ್ಕಿತಾ?"

ಟೆಕ್ನಿಷಿಯನ್ ಹಣೆ ಒತ್ತಿಕೊಳ್ಳುತ್ತ, "ಬೆಳ್ಮಣ್ಣಿನಲ್ಲಿ ಇಲ್ಲ ಅಂದರೆ ಹೇಗೆ? ಶಾಲೆಯ ಶಿಬಿರಕ್ಕೆ ನಾನೇ ಹೋಗಿದ್ದೆ. ಒಬ್ಬ ಬಸ್ ಕಂಡಕ್ಟರ್, ಓ ನೆಗೆಟಿವ್. ಟಿಕೇಟು ಹರಿಯುವ ಕೈಗೆ ಸೂಜಿ ಬೇಡ ಅಂತ ಎಡಗೈ ಕೊಟ್ಟಿದ್ದ. ಸರಿಯಾಗಿ ನೋಡಿ ಮಾರಾಯ್ರೆ!" ಎಂದರು.

ಬೆಳ್ಮಣ್ಣಿನವರೆಲ್ಲರನ್ನೂ ತೋರಿಸು ಎಂದು ಕೇಳಿದೆ. ಪರದೆಯ ಮೇಲೆ ಬಂದದ್ದು ಒಂದೇ ಹೆಸರು. ಒಬ್ಬ ಅಂಗಡಿಯವರು, ಬಿ ಪಾಸಿಟಿವ್. ಒಂದು ಶಾಲೆಯ ಶಿಬಿರದಲ್ಲಿ ಒಬ್ಬರೇ ರಕ್ತ ಕೊಟ್ಟಿದ್ದಾರೆಯೇ? ಮತ್ತೆ ಕಣ್ಣು ಫೋನ್ ನಂಬರಿನ ಮೇಲೆ ಹೋಯಿತು. ಊರವರೆಲ್ಲ ಬರೆಸಿದ್ದು ಆ ಅಂಗಡಿಯ ಒಂದೇ ನಂಬರು, ಪಿ.ಪಿ. ನಾನು ಇಡೀ ಊರನ್ನೇ ಒಬ್ಬ ಮನುಷ್ಯ ಎಂದುಕೊಂಡು ಅಳಿಸಿಬಿಟ್ಟಿದ್ದೆ. ಹಳೆಯ ಪ್ರತಿ ಇದ್ದ ಫ್ಲಾಪಿಯ ಮೇಲೂ ಚೊಕ್ಕ ಮಾಡಿದ ಪಟ್ಟಿಯನ್ನೇ ಬರೆದಾಗಿತ್ತು. ಶಿಬಿರದಲ್ಲಿ ತುಂಬಿದ ಅರ್ಜಿಗಳು ಸಂಘದ ಕಪಾಟಿನಲ್ಲಿ, ಕಪಾಟಿನ ಬೀಗದ ಕೈ ಮಂಗಳೂರಿಗೆ ಹೋದ ಕಾರ್ಯದರ್ಶಿಯ ಜೇಬಿನಲ್ಲಿ.

ಉಳಿದದ್ದು ಆ ಒಂದು ನಂಬರು. ಅರ್ಜೆಂಟ್ ಎಂದು ಟ್ರಂಕ್ ಕಾಲ್ ಬುಕ್ ಮಾಡಿದೆ. "ಕಾರ್ಕಳದ ಮೇಲೆ ಹೋಗ್ಬೇಕು, ಆ ಲೈನು ಎಂಗೇಜು, ಕಾಯಿರಿ," ಎಂದಳು ಆಪರೇಟರ್. ಕಾದೆವು. ಎ.ಸಿ.ಯ ಸದ್ದು, ಗೋಡೆ ಗಡಿಯಾರದ ಸದ್ದು. ಹಿಂದೆ ಆ ತಾಯಿ ಸೆರಗಿನ ಗಂಟನ್ನು ಹಿಸುಕಿದಾಗಲೆಲ್ಲ ಬಳೆಗಳ ಸದ್ದು. ಇಂದಿಗೂ ಯಾರಾದರೂ ಬಳೆ ಬಿಚ್ಚಿಟ್ಟರೆ ನನಗೆ ಆ ಸದ್ದು ಕೇಳಿಸುತ್ತದೆ. ಎಷ್ಟು ಹೊತ್ತು ಕಾದೆವೋ... ಇಪ್ಪತ್ತು ನಿಮಿಷ ಇರಬಹುದು.

ಫೋನಿನ ಗಂಟೆ ಹೊಡೆಯಿತು. ಆ ಕಡೆ ದೊಡ್ಡ ಸ್ವರ, ಫೋನೇ ಬೇಡ ಎನ್ನುವಷ್ಟು ದೊಡ್ಡದು. "ಯಾರನ್ನು ಕರೀಬೇಕು?"

ಒಂದೇ ಉಸಿರಿನಲ್ಲಿ ಹೇಳಿದೆ. ಓ ನೆಗೆಟಿವ್ ಎಂದದ್ದೇ ತಡ, "ನಿಲ್ಲಿ, ಶಿಬಿರದ ದಿನ ಎಲ್ಲರ ಗುಂಪು ಬರೆದಿಟ್ಟ ರಟ್ಟು ನೋಡ್ತೇನೆ," ಎಂದರು. "ಮೂರು ಜನ ಉಂಟು. ಒಬ್ಬ ಮರ ಹತ್ತಿ ಕಳ್ಳು ಇಳಿಸುವವನು, ಅವನಿಗೆ ಕಾಮಾಲೆ ಆಗಿ ಎದ್ದದ್ದಷ್ಟೆ, ಆಗ್ಲಿಕ್ಕಿಲ್ಲ. ಟೈಲರ್ ಹುಡುಗಿ ಮದುವೆಯಾಗಿ ಕಾರ್ಕಳಕ್ಕೆ ಹೋದಳು, ಹೇಳಿ ಕಳಿಸ್ತೇನೆ. ಕಂಡಕ್ಟರ್... ಗಂಟೆ ಎಷ್ಟಾಯ್ತು? ಎರಡೂಕಾಲು. ಅವನ ಬಸ್ಸು ಈಗ ಕಾರ್ಕಳ ಬಿಟ್ಟಾಗಿದೆ. ಹಿರಿಯಡ್ಕದಲ್ಲಿ ಹಿಡೀತೇನೆ."

"ನೀವು ಬೆಳ್ಮಣ್ಣಿನಲ್ಲಿದ್ದು ಹಿರಿಯಡ್ಕದಲ್ಲಿ ಹೇಗೆ ಹಿಡಿಯುವುದು?"

"ಸ್ಟಾಪಿನ ಎದುರು ಹೋಟೆಲಿಗೆ ಫೋನುಂಟಲ್ಲ ಅಮ್ಮ! ಅಲ್ಲ, ನಮ್ಮವರ ಹೆಸರೆಲ್ಲ ನಿಮ್ಮ ಕಂಪ್ಯೂಟರಿನಲ್ಲೇ ಉಂಟಲ್ಲ, ಮತ್ತೆ ನನ್ನನ್ನು ಎಂತಕ್ಕೆ ಕೇಳುವುದು?"

"ಮೆಷಿನು ಹಾಳಾಗಿದೆ," ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು ಎಂದರೆ ನನಗೇ ಹೆದರಿಕೆಯಾಯಿತು.

"ಹಾಗಾದ್ರೆ ಇಡಿ, ಲೈನು ಖಾಲಿ ಮಾಡಿ," ಎಂದರು.

ಆಮೇಲಿನದು ಬರಿಯ ಕಾಯುವಿಕೆ. ನಾವೆಲ್ಲ ಆಸ್ಪತ್ರೆಯ ಗೇಟಿನ ಬಳಿ ನಿಂತೆವು. ಬಂದ ಪ್ರತಿ ಬಸ್ಸಿಗೂ ಆ ತಾಯಿ ಎರಡು ಹೆಜ್ಜೆ ಮುಂದೆ ಹೋಗುವುದು, ಅದು ನಿಲ್ಲದೆ ಹೋದಾಗ ಎರಡು ಹೆಜ್ಜೆ ಹಿಂದೆ ಬರುವುದು. ಆ ಹೆಣ್ಣು ಸತ್ತರೆ ಕೊಂದವಳು ನಾನೇ ಎಂಬುದು ಅಲ್ಲಿ ನನ್ನೊಬ್ಬಳಿಗೆ ಮಾತ್ರ ಗೊತ್ತಿತ್ತು. ಒಳಗಿನಿಂದ ನರ್ಸ್ ಎರಡು ಸಲ ಬಂದು ನೋಡಿ ಹೋದಳು.

ಕೊನೆಗೆ ಒಂದು ಬಸ್ಸು ಸ್ಟಾಪಿನಲ್ಲಿ ನಿಲ್ಲಲೇ ಇಲ್ಲ, ಹಾರ್ನ್ ಹೊಡೆಯುತ್ತ ನೇರವಾಗಿ ಗೇಟಿನೊಳಗೇ ನುಗ್ಗಿತು, ಪ್ರಯಾಣಿಕರ ಸಮೇತ! ಕಂಡಕ್ಟರ್ ಟಿಕೇಟಿನ ಚೀಲವನ್ನು ಡ್ರೈವರನ ಮಡಿಲಿಗೆ ಎಸೆದು ಹಾರಿದ. ಖಾಲಿ ಮೀನುಬುಟ್ಟಿಯ ಹೆಂಗಸೊಬ್ಬಳು ಕಿಟಕಿಯಿಂದ ತೋಳು ಚಾಚಿ, "ನನ್ನದೂ ನೋಡಿ, ಆಗ್ತದಾ?" ಎಂದು ತುಳುವಿನಲ್ಲಿ ಕೂಗುತ್ತಿದ್ದಳು. ಯಾರೂ ತಡವಾಯಿತೆಂದು ಗೊಣಗಲಿಲ್ಲ. ಗಂಟೆಯೊಳಗೆ ಟೈಲರ್ ಹುಡುಗಿಯೂ ಗಂಡನ ಜೊತೆ ಬಂದಳು.

ಸಂಜೆ ಡಾಕ್ಟರ್ ಹೊರಗೆ ಬಂದು, ಇನ್ನು ಹೆದರಿಕೆ ಇಲ್ಲ ಎಂದರು. ಆ ತಾಯಿ ಹುಡುಕಿಕೊಂಡು ನಮ್ಮ ಕಚೇರಿಗೆ ಬಂದರು. ಈ ಸಲ ಚಪ್ಪಲಿ ಹೊರಗೆ ಬಿಟ್ಟಿದ್ದರು. ನನ್ನ ಪರದೆಯನ್ನು ಎರಡೂ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಅದಲ್ಲಮ್ಮ, ಬೆಳ್ಮಣ್ಣಿನಲ್ಲಿ ಒಬ್ಬರಿದ್ದಾರೆ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು.

ಮುಂದಿನ ವಾರ ಫೋನಣ್ಣ ಬಂದೇಬಿಟ್ಟರು. ಸ್ವರ ಕೇಳಿ ದೊಡ್ಡ ಆಳು ಎಂದುಕೊಂಡಿದ್ದೆ. ಸಣಕಲು ಮನುಷ್ಯ, ಬಿಳಿ ಪಂಚೆ, ಉಗುರುಗಳಲ್ಲಿ ಹೊಗೆಸೊಪ್ಪಿನ ಬಣ್ಣ, ಕಂಕುಳಲ್ಲಿ ಈ ರಟ್ಟು. "ಆ ದಿನ ಮೆಷಿನು ಹಾಳಾಗಿತ್ತಲ್ಲ, ರಿಪೇರಿ ಆಯ್ತಾ? ನಮ್ಮ ಊರಿನವರನ್ನು ಒಮ್ಮೆ ತೋರಿಸಿ. ಅಂಗಡಿಗೆ ಬರುವ ಹೆಂಗಸರು ಕೇಳ್ತಾರೆ, ನಮ್ಮ ಹೆಸರು ಟಿ.ವಿ. ಹಾಗೆ ಬರ್ತದಂತೆ, ಹೌದಾ ಅಂತ."

ಅರ್ಜಿಗಳನ್ನು ಕೇಳಿದರೆ ತಪ್ಪು ಹೊರಬೀಳುತ್ತದೆಂದು ನಾನಿನ್ನೂ ಕಾರ್ಯದರ್ಶಿಯ ಬಳಿ ಹೋಗಿರಲಿಲ್ಲ. ಏನೇನೋ ನೆಪ ಹುಡುಕಿದೆ. ಆಗಲಿಲ್ಲ. ಬೆಳ್ಮಣ್ ಎಂದು ಒತ್ತಿದೆ. ಅವರ ಹೆಸರೊಂದೇ ಬಂತು. ಅವರು ಉಳಿದವರಿಗಾಗಿ ಕಾದರು. ತುಂಬ ಹೊತ್ತು ಕಾದರು. ಆಗ ಎಲ್ಲವನ್ನೂ ಹೇಳಿದೆ.

ಸಮಾಧಾನದ ಮಾತನ್ನಾಡುತ್ತಾರೆ ಎಂದು ಆಸೆಪಟ್ಟಿದ್ದೆ. ಅವರ ಮುಖ ಕೆಂಪಾಯಿತು. "ಬೀಡಿ ಕಟ್ಟುವ ಹೆಂಗಸರು ಅವರು. ಒಂದು ದಿನದ ಕೆಲಸ ಬಿಟ್ಟು ಸಾಲಿನಲ್ಲಿ ನಿಂತು ರಕ್ತ ಕೊಟ್ಟದ್ದು. ಅಳಿಸುವ ಮೊದಲು ಒಂದು ಫೋನು ಮಾಡ್ಲಿಕ್ಕೆ ಎಂತ ಆಗಿತ್ತು ನಿಮಗೆ? ನಂಬರು ಇತ್ತಲ್ಲ!"

ನಾನು ಅತ್ತೆ. ಅವರು ಅದನ್ನು ಗಮನಿಸದವರ ಹಾಗೆ ಕುರ್ಚಿ ಎಳೆದು ಕೂತು, ರಟ್ಟನ್ನು ತೊಡೆಯ ಮೇಲಿಟ್ಟು, "ಬರೀರಿ," ಎಂದರು. ಒಬ್ಬೊಬ್ಬರ ಹೆಸರು, ಗುಂಪು ಓದಿದರು. ಪ್ರತಿಯೊಬ್ಬರಿಗೂ ಒಂದು ಮಾತು ಸೇರಿಸಿದರು. ಇವಳ ಗಂಡನಿಗೆ ಕುಡಿತ, ಸಂಜೆ ಮೇಲೆ ಕರೆಯಬಾರದು. ಇವನು ಸೂಜಿ ಕಂಡರೆ ತಲೆ ತಿರುಗಿ ಬೀಳ್ತಾನೆ, ಆದರೂ ಬರ್ತಾನೆ. ನಾನು ಒತ್ತುತ್ತ ಹೋದೆ. ಸಂಜೆಯ ಬಸ್ಸಿನ ಹೊತ್ತಿಗೆ ಮೂವತ್ತಾರು ಮಂದಿ ಮರಳಿ ಬಂದರು. ಅವರೂ ಸೇರಿ ಮೂವತ್ತೇಳು. ಏಳುವಾಗ ರಟ್ಟನ್ನು ಮೇಜಿನ ಮೇಲೆಯೇ ಬಿಟ್ಟರು. "ಇಟ್ಟುಕೊಳ್ಳಿ. ನನಗೆ ಬಾಯಿಪಾಠ ಉಂಟು." ಬಾಗಿಲ ಬಳಿ ನಿಂತು ಕೇಳಿದರು, "ಆ ಕಾಪುವಿನ ಮಗು, ಗಂಡಾ ಹೆಣ್ಣಾ?"

ನನಗೆ ಗೊತ್ತಿರಲಿಲ್ಲ. ಕೇಳಿಯೇ ಇರಲಿಲ್ಲ.

ಬೇರೆ ಊರುಗಳಲ್ಲಿ ಹೀಗೆ ಅಳಿದವರನ್ನು ಸಂಘದ ಅರ್ಜಿಗಳಿಂದ ಮರಳಿ ತಂದೆ. ಆಮೇಲೆ ಫೋನಣ್ಣನಿಗೆ ತಿಂಗಳಿಗೊಮ್ಮೆ ಫೋನು ಮಾಡುತ್ತಿದ್ದೆ. ಯಾರು ಮುಂಬಯಿಗೆ ಹೋದರು, ಯಾರು ಬಸುರಿ, ಯಾರು ತೀರಿಹೋದರು, ಎಲ್ಲ ಹೇಳುತ್ತಿದ್ದರು. ಎರಡನೆಯ ಸಲಕ್ಕೇ ತುಳುವಿಗೆ ಇಳಿದಿದ್ದೆವು. ಆ ಕೋಪವನ್ನು ಅವರು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮತ್ತೆ ನನಗೆ ಬೇರೆ ಊರು, ಬೇರೆ ಕೆಲಸ. ಸಂಘ ಮುಚ್ಚಿತು, ಆ ಮೆಷಿನು ಗುಜರಿಗೆ ಹೋಯಿತು. ಮನೆ ಮನೆಗೆ ಫೋನು ಬಂತು. ಯಾರೂ ಯಾರನ್ನೂ ಸೈಕಲ್ ಹತ್ತಿ ಕರೆಯಬೇಕಾಗಿಲ್ಲ. ನಾನೂ ಕರೆಯಲಿಲ್ಲ.

ರಟ್ಟು ಸಿಕ್ಕ ಮರುದಿನ ಬೆಳ್ಮಣ್ಣಿಗೆ ಹೋದೆ. ಬ್ರಾಂಚ್ ಇದ್ದಲ್ಲಿ ಮೊಬೈಲ್ ರಿಪೇರಿಯ ಅಂಗಡಿ. ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಮುದುಕಿ ತಲೆಯೆತ್ತಿ, "ಫೋನಣ್ಣನಾ? ಹೋಗಿ ಹನ್ನೆರಡು ವರ್ಷ ಆಯ್ತಲ್ಲ," ಎಂದಳು. "ನೀವು ಯಾರು? ನಿಮಗೆ ಯಾರೂ ಹೇಳ್ಲಿಲ್ವಾ?"

ಯಾರು ಹೇಳಬೇಕು? ಊರಿನ ಸಾವಿನ ಸುದ್ದಿಯನ್ನು ನನಗೆ ಹೇಳುತ್ತಿದ್ದವರು ಅವರೇ.

ಮನೆಗೆ ಬಂದು ರಟ್ಟನ್ನು ಬೆಳಕಿಗೆ ಹಿಡಿದು ಒಂದೊಂದೇ ಹೆಸರು ಓದಿದೆ. ಪೆನ್ಸಿಲ್ ಮಾಸಿದೆ, ಆದರೂ ಓದಬಹುದು. ಮೂವತ್ತಾರು. ಎರಡು ಸಲ ಎಣಿಸಿದೆ. ನಾನು ಅಳಿಸದೆ ಉಳಿಸಿದ ಆ ಒಂದು ಹೆಸರನ್ನು ಅವರು ಇದರಲ್ಲಿ ಬರೆದೇ ಇರಲಿಲ್ಲ. ಮೊಮ್ಮಗಳ ಪೆಟ್ಟಿಗೆಯಿಂದ ಪೆನ್ಸಿಲ್ ತಂದು ಕೊನೆಯ ಸಾಲಿನ ಕೆಳಗೆ ಅವರ ಹೆಸರು ಬರೆದೆ. ಬಿ ಪಾಸಿಟಿವ್. ಮುಂದೆ ಆ ಫೋನ್ ನಂಬರು. ಕೈ ತಾನಾಗಿಯೇ ಅದರ ಪಕ್ಕದಲ್ಲಿ ಪಿ.ಪಿ. ಎಂದು ಬರೆಯಿತು. ಅಲ್ಲ, ಈ ಫೋನು ಅವರದೇ. ಆ ಎರಡಕ್ಷರವನ್ನು ರಬ್ಬರಿನಿಂದ ಅಳಿಸಿದೆ.