ಕಾರ್ಖಾನಿಸ್ ಕಾಕಾ ಕೊಳ್ಳದ ನಾಣ್ಯದ ಸೆಟ್ಟು

ಸಾಂಗ್ಲಿಯ ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಪತ್ರ ವಿಂಗಡಿಸಿ ನಿವೃತ್ತರಾದ ವಿನಾಯಕ ಕಾರ್ಖಾನಿಸರಿಗೆ ಇದ್ದದ್ದು ಒಂದೇ ಹುಚ್ಚು, ನಾಣ್ಯದ್ದು. ಯಾವ ಮಹಾನುಭಾವನ ನೂರನೇ ವರ್ಷಕ್ಕೇ ಆಗಲಿ, ಯಾವ ಸಂಸ್ಥೆಯ ಅಮೃತ ಮಹೋತ್ಸವಕ್ಕೇ ಆಗಲಿ, ಸರ್ಕಾರಿ ಟಂಕಸಾಲೆ ಸ್ಮರಣೆಯ ನಾಣ್ಯ ಹೊರಡಿಸಿತೆಂದರೆ ಅದರ ಸೆಟ್ಟು ಕಾಕಾರ ಕಪಾಟಿಗೆ ಬರಲೇಬೇಕು. ಇಪ್ಪತ್ತೆಂಟು ವರ್ಷದಲ್ಲಿ ಒಂದೂ ತಪ್ಪಿರಲಿಲ್ಲ.

ಅಂಥವರೇ ಈ ಸಲ ಕೊಳ್ಳುವುದಿಲ್ಲ ಎಂದು ಹಠ ಹಿಡಿದರು. ಊರಿನ ನಾಣ್ಯಪ್ರೇಮಿ ಮಂಡಳಿಗೆ ಅವರೇ ಕಾರ್ಯದರ್ಶಿ. ತಿಂಗಳ ಮೊದಲ ಭಾನುವಾರ ಶಾಲೆಯ ಕೋಣೆಯೊಂದರಲ್ಲಿ ಹದಿನಾಲ್ಕು ಜನ ಸೇರಿ, ಅವಲಕ್ಕಿಯ ಪೋಹೆ ತಿಂದು, ಚಹಾ ಕುಡಿದು, ಟಂಕಸಾಲೆಯನ್ನು ಬಯ್ಯುವುದು ವಾಡಿಕೆ. ಮನೆಯ ಅಳಿಯನನ್ನು ಬಯ್ಯುತ್ತಾರಲ್ಲ, ಹಾಗೆ. ಬಯ್ದವರೇ ಮರುದಿನ ದುಡ್ಡು ಕಟ್ಟುತ್ತಿದ್ದರು.

"ಡಬ್ಬಿ ನೋಡಿದ್ರ ಮದುವಿ ಒಡವಿ ಇಡೋ ಹಂಗ ಇರ್ತದ. ಒಳಗ ನೋಡಿದ್ರ ಒಂದು ಬಿಲ್ಲೆ!" ಎನ್ನುತ್ತಿದ್ದರು ಹೇಮಲತಾಬಾಯಿ ಬೋರವಣಕರ್.

"ಶತಮಾನೋತ್ಸವದ ನಾಣ್ಯ ಕೈಗೆ ಬರೋದ್ರಾಗ ನೂರಾ ಎರಡನೇ ವರ್ಷ ನಡದಿರ್ತದ. ಮ್ಯಾಲೆ ಯಾರದೋ ಬೆರಳಿನ ಗುರುತು ಬ್ಯಾರೆ," ಎಂದು ಶ್ರೀಪಾದ ಲಿಮಯೆ ಸೇರಿಸುತ್ತಿದ್ದ. ಶ್ರೀಪಾದ ಕಾಕಾರ ಬಾಲ್ಯದ ಗೆಳೆಯ, ಒಂದೇ ತಟ್ಟೆಯಲ್ಲಿ ಉಂಡು ಬೆಳೆದವನು.

ಬರೀ ಬಯ್ದರೆ ಏನು ಬಂತು, ನಮ್ಮ ಅಭಿಪ್ರಾಯವನ್ನು ಬರೆದು ಕಳಿಸೋಣ, ಅವರು ತಿದ್ದಿಕೊಳ್ಳುವವರೆಗೆ ಮಂಡಳಿಯ ಒಬ್ಬರೂ ಸೆಟ್ಟು ಕೊಳ್ಳುವುದು ಬೇಡ ಎಂದರು ಕಾಕಾ. ಪತ್ರಕ್ಕೆ ಹದಿನಾಲ್ಕು ಸಹಿ ಬಿದ್ದವು. ಮೊದಲನೆಯದು ಕಾಕಾರದು, ಎರಡನೆಯದು ಶ್ರೀಪಾದನದು. ಆ ಸಲದ ಸೆಟ್ಟಿನ ಬುಕಿಂಗ್ ಮುಗಿಯುವ ಕೊನೆಯ ದಿನ ಕಾಕಾ ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆ ತುಂಬ ಓಡಾಡಿದರು. ಕೈ ತುರಿಸುತ್ತಿತ್ತು. ಆದರೆ ಕೊಟ್ಟ ಮಾತು ಮಾತೇ ಎಂದು ಕೂತರು.

ತಿಂಗಳ ಮೇಲೆ ಟಂಕಸಾಲೆಯಿಂದ ಉತ್ತರ ಬಂತು. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ, ವಿನಾಯಕ ಕಾರ್ಖಾನಿಸ್ ಎಂಬ ನಿಮ್ಮ ಹೆಸರಿನಲ್ಲಿ ಕಾಯ್ದಿರಿಸಿದ ಸೆಟ್ಟನ್ನು ಈ ಕೆಳಗಿನ ವಿಳಾಸಕ್ಕೆ ಬೇಗ ಕಳಿಸುತ್ತೇವೆ ಎಂದಿತ್ತು. ಕೆಳಗಿದ್ದದ್ದು ಶ್ರೀಪಾದನ ಮನೆಯ ವಿಳಾಸ.

ಒಬ್ಬರಿಗೆ ಒಂದೇ ಸೆಟ್ಟು ಎಂಬುದು ಟಂಕಸಾಲೆಯ ನಿಯಮ. ಎರಡು ಬೇಕಾದವನಿಗೆ ಎರಡು ಹೆಸರು ಬೇಕು. ಶ್ರೀಪಾದ ಎರಡನೆಯದಕ್ಕೆ ಕಾಕಾರ ಹೆಸರು ಬರೆದಿದ್ದ. ಕಾಕಾ ಚಪ್ಪಲಿ ಮೆಟ್ಟಿಕೊಂಡು ಸೀದಾ ಅವನ ಮನೆಗೆ ಹೋದರು.

"ಒಂದು ನಿನಗಂತನೇ ಬುಕ್ ಮಾಡಿದ್ದೆ ವಿನ್ಯಾ. ನಿನ್ನ ಕಪಾಟು ಖಾಲಿ ಬೀಳೋದು ನನಗ ನೋಡ್ಲಿಕ್ಕೆ ಆಗ್ಲಿಲ್ಲ," ಎಂದ ಶ್ರೀಪಾದ.

"ನನಗಂತ ಮಾಡಿದ್ರ ನನ್ನ ಮನಿ ವಿಳಾಸ ಬರೀತಿದ್ದಿ."

ಶ್ರೀಪಾದ ತಲೆ ತಗ್ಗಿಸಿದ. "ತಪ್ಪಾತೋ. ಭಾನುವಾರ ಎಲ್ಲಾರ ಮುಂದ ನಾನೇ ಎದ್ದು ಹೇಳ್ತೀನಿ. ನೀ ಆ ವಿಳಾಸದ ಸಾಲು ಮಾತ್ರ ಓದಬ್ಯಾಡ. ನಾನಾಗೇ ಒಪ್ಪಿಕೊಂಡ್ರ ಸ್ವಲ್ಪ ಮಾನ ಉಳೀತದ."

ಟಂಕಸಾಲೆಯಿಂದ ಬಂದ ಪತ್ರವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಕಾಕಾ ತಾವೇ ಮಾಡಿದ ನಿಯಮ ಅದು. ಭಾನುವಾರ ಅವರು ಕನ್ನಡಕ ಏರಿಸಿ ಓದಿದರು, ತಮ್ಮ ಹೆಸರನ್ನೂ ಓದಿದರು, ಆ ಒಂದು ಸಾಲು ಮಾತ್ರ ಬಿಟ್ಟರು. ಗೆಳೆಯನ ಮಾತನ್ನು ಅಷ್ಟಾದ ಮೇಲೂ ನಂಬಿದರಲ್ಲ, ಅವರಿಗೆ ಏನೆನ್ನೋಣ!

ಪೋಹೆ ತಟ್ಟೆಗಳ ಸದ್ದು ನಿಂತಿತು. "ಕಾಕಾ, ನಿಮ್ಮ ಹೆಸರ‍್ಲೆ ಬುಕ್ ಆಗೇದಲ್ರೀ?" ಎಂದರು ಹೇಮಲತಾಬಾಯಿ. "ನಾವೆಲ್ಲಾ ನಿಮ್ಮ ಮಾತಿಗೆ ಕಟ್ಟುಬಿದ್ದು ಕೂತ್ವಿ."

ಕಾಕಾ ಶ್ರೀಪಾದನ ಕಡೆ ನೋಡಿದರು. ಅವನು ಎದ್ದು ನಿಂತ. ಕಾಕಾರಿಗೆ ಹೋದ ಜೀವ ಬಂದಂತಾಯಿತು.

"ಆದದ್ದು ಆತು, ಭಾಳ ಎಳೀಬ್ಯಾಡ್ರಿ," ಎಂದ ಶ್ರೀಪಾದ. "ಇಪ್ಪತ್ತೆಂಟು ವರ್ಷದ ಚಟ ಅದು. ಮನುಷ್ಯಾ ಎಷ್ಟಂತ ತಡಕೋತಾನ? ನಾವೆಲ್ಲಾ ದೊಡ್ಡ ಮನಸ್ಸು ಮಾಡಿ ಕಾಕಾನ್ನ ಕ್ಷಮಿಸೋಣು."

ಯಾರೋ ಹೂಂ ಎಂದರು. ಇನ್ಯಾರೋ ಪಾಪ ಎಂದರು. ಮೋಸವನ್ನು ಕಾಕಾ ಹೇಗೋ ನುಂಗಿಕೊಂಡಿದ್ದರು. ಆದರೆ ಇವನಿಂದ ಕ್ಷಮೆ! ಮೇಜಿನ ಸುತ್ತ ನಡೆದು ಬಂದು ಪತ್ರವನ್ನು ಹೇಮಲತಾಬಾಯಿಯ ಮುಂದೆ ಇಟ್ಟರು.

"ನಾ ಒಂದು ಸಾಲು ಬಿಟ್ಟೀನಿ, ಹೇಮಲತಾಬಾಯಿ. ಅದನ್ನ ನೀವೇ ಓದ್ರಿ. ನನ್ನ ಬಾಯಿಲೆ ಬರಂಗಿಲ್ಲ."