ಅತ್ತಿಯವರ ಬೀಡಿ

ಮೊಮ್ಮಗಳು ಫೋನಿನ್ಯಾಗ ಟೈಪ್ ಮಾಡೂದು ಕಲಿಸ್ಯಾಳ. ಮಕ್ಕಳ ಮುಂದ ಇನ್ನೂ ಹೇಳದ್ದು ಒಂದೈತಿ, ಬರದಬಿಡತೇನಿ. ನಮ್ಮತ್ತಿ ಬೀಡಿ ಸೇದ್ತಿದ್ರು.

ಮುರಗೋಡದ ನಮ್ಮನಿಯಾಗ ಗಂಡಸರು ಸೇದಿದ್ರ ನಡೀತಿತ್ತು, ಹೆಂಗಸರು ಸೇದಿದ್ರ ಮಾನ ಹೋಗ್ತಿತ್ತು. ಅದಕ್ಕ ಅತ್ತಿ ಹಿತ್ತಲದಾಗ ಎಮ್ಮಿ ಹಿಂದ ಕುಂತು ಸೇದಾವ್ರು. ಮಾವನ ಬೀಡಿ ಕಟ್ಟಿನ್ಯಾಗಿಂದ ದಿನಾ ಎರಡು ಕದ್ದು ಕೊಡಾಕಿ ನಾನ. ಅದಕ್ಕ ಬದಲಿ, ನಾ ತವರಮನಿಗೆ ಹೊಂಟ್ರ ಅವ್ರು ಬ್ಯಾಡ ಅಂತಿರಲಿಲ್ಲ. ಕೆಮ್ಮು ಯಾಕಂತ ಯಾರರ ಕೇಳಿದ್ರ ಇಬ್ರದೂ ಒಂದ ಮಾತು: “ಒಲಿ ಹೊಗಿರಿ.”

ತೊಂಬತ್ತೈದು-ತೊಂಬತ್ತಾರರ ಸುಮಾರಿಗೆ ಅತ್ತಿಗೆ ಪಿತ್ತಕೋಶದಾಗ ಕಲ್ಲು ಆದ್ವು. ಬೈಲಹೊಂಗಲದಾಗ ಆಪರೇಶನ್. ಹಿಂದಿನ ದಿನ ಎಚ್ಚರ ತಪ್ಪಿಸೋ ಡಾಕ್ಟರಬಾಯಿ ಬಂದು ಎದಿ ಬೆನ್ನು ಎಲ್ಲಾ ನೋಡಿದ್ರು.

“ಸುಂಯ್ ಅಂತೈತಲ್ಲ. ದಮ್ಮು ಐತೇನ್ರಿ? ಬೀಡಿ ಏನರ?”

ಮಾವ ಬಾಜುಕ ನಿಂತಿದ್ರು. ಅತ್ತಿ ನನ್ನ ಮಾರಿ ನೋಡಿದ್ರು.

“ಅಯ್ಯ, ನಮ್ಮತ್ತಿ ಬೀಡೀನ?” ಅಂತ ನಾ ನಕ್ಕೆ. “ಒಲಿ ಊದಿ ಊದಿ ಬಂದ ಕೆಮ್ಮರಿ.”

“ಕಫಾ ಬೀಳ್ತೈತೇನು?”

“ಇಲ್ಲರಿ.”

ದಿನಾ ಮುಂಜಾನೆ ಅವ್ರು ಉಗುಳಿದ ಕಫದ ಮ್ಯಾಲ ಬೂದಿ ಹಾಕಾಕಿ ನಾನ.

ಮರುದಿನ ಒಳಗ ಒಯ್ದು ಸ್ವಲ್ಪ ಹೊತ್ತಾಗಿತ್ತು, ಡಾಕ್ಟರಬಾಯಿ ಹೊರಗ ಓಡಿ ಬಂದ್ರು.

“ಉಸಿರಿನ ನಳಿಗಿ ಬಿಗದೈತಿ, ಗಾಳಿ ಒಳಗ ಹೋಗವಲ್ದು. ಖರೇ ಹೇಳ್ರಿ, ಏನು ಸೇದ್ತಾರ?”

“ಬೀಡಿರಿ. ಭಾಳ ವರ್ಷಾತು. ನಾನ ಕೊಡತೇನಿ.”

“ಮೊದಲ ಹೇಳಿದ್ರ ಬೀಡಿ ಬಿಡಿಸಿ, ಎದಿ ಹಗುರ ಮಾಡಿ, ಆಮ್ಯಾಲ ಮಾಡ್ತಿದ್ವಿ ಅಲ್ರೀ!”

ಅವ್ರು ಒಳಗ ಹೋದ್ರು. ಮಾವ ಬೈತಾರಂತ ನಾ ತಲಿ ತಗ್ಗಿಸಿ ನಿಂತೆ. ಅವ್ರು ಕಿಸೆದಾಗಿನ ಬೀಡಿ ಕಟ್ಟು ತಗದು ಕೈಯಾಗ ತಿರುವಿಕೊಂತ ಮೆಲ್ಲಕ ಅಂದ್ರು, “ದಿನಾ ಎರಡು ಕಮ್ಮಿ ಆಗ್ತಿದ್ವು. ನನಗ ಗೊತ್ತಾಗೂದಿಲ್ಲೇನವಾ?”

“ಮತ್ತ ನಿನ್ನೆ ಯಾಕ ಸುಮ್ಮನಿದ್ರಿ?”

“ಆಕಿಗೆ ನಾಚಿಕಿ ಆದೀತಂತ.”

ಯಾರ ಮುಂದ ಮುಚ್ಚಿಡಾಕ ಹೋಗಿದ್ದೆನೋ, ಅವರಿಗೇ ಮೊದಲ ಗೊತ್ತಿತ್ತು.

ಅತ್ತಿ ಉಳಿದ್ರು. ಆಕ್ಸಿಜನ್ ತಗದ ಮ್ಯಾಲ ಮೊದಲ ನನ್ನ ಕರದು ಅಂದ್ರು, “ಹೇಳಿಬಿಟ್ಟಿಯೇನ, ಚಾಡಿಕೋರಿ?”

“ಹ್ಞೂಂರಿ,” ಅಂದೆ. ನಗು ಬರಲಿಲ್ಲ.

ಅವರ ಎದಿ ಮತ್ತ ಮೊದಲಿನಂಗ ಆಗಲಿಲ್ಲ. ಹಿತ್ತಲಕ್ಕ ಹೋಗೂದ್ರಾಗ ಎರಡು ಸಲ ನಿಂತು ಉಸಿರು ತಗೋತಿದ್ರು. ಅವ್ರು ಕೂಡ್ರಾಕಂತ ನಾ ಮಣಿ ಹಿಡ್ಕೊಂಡು ಹಿಂದ ಹಿಂದ ಹೋಗ್ತಿದ್ದೆ. ಯಾಕ ಹಿಂಗ ಅಂತ ಯಾರರ ಕೇಳಿದ್ರ, ಒಲಿ ಹೊಗಿ ಅಂತ ನಾ ಮತ್ತ ಅನ್ನಲಿಲ್ಲ.