ಅತ್ತಿಗೆ ಮತ್ತು ಗೋಡೆಬಂಡೆ

ನನ್ನ ಅತ್ತಿಗೆಯ ಹಿಮ್ಮಡಿಯಲ್ಲಿ ಒಂದು ಬಿರುಕೂ ಇರಲಿಲ್ಲ. ಬರಿಗಾಲಲ್ಲಿ ಗುಡ್ಡ ಸುತ್ತುತ್ತಿದ್ದವರು ಅವರು. ಒಡೆದದ್ದು ಮಾತ್ರ, ಬೆಣ್ಣೆ ತಿಕ್ಕಿಕೊಂಡು ಮನೆಯಲ್ಲೇ ಇರುತ್ತಿದ್ದ ನನ್ನ ಹಿಮ್ಮಡಿ. ಅವರ ಮೇಲಿನ ಹೊಟ್ಟೆಕಿಚ್ಚು ಅಲ್ಲಿಂದಲೇ ಶುರು.

ಅತ್ತಿಗೆ ಎಂದರೆ ನನ್ನ ಯಜಮಾನರ ಅಕ್ಕ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದವರು. ಯಜಮಾನರು ಕಳಸದ ಹತ್ತಿರ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಸಾರು ನಾನು ಮಾಡಿದರೂ "ಅಕ್ಕನ ಕೈರುಚಿಯೇ ಬೇರೆ" ಎನ್ನುತ್ತಿದ್ದರು. ಮಗಳೂ ಅಷ್ಟೆ, ಎಡವಿ ಬಿದ್ದರೆ "ಅತ್ತೆ" ಎಂದೇ ಅಳುತ್ತಿದ್ದಳು. ಹೆತ್ತವಳು ನಾನು, ಕೂಗು ಅವರಿಗೆ. ಹೊಟ್ಟೆ ಉರಿಯದೆ ಇರುತ್ತದೆಯೇ?

ಎಸ್ಟೇಟಿನ ಮೇಲೊಂದು ಗುಡ್ಡ. ವರ್ಷಕ್ಕೊಮ್ಮೆ, ಕಾಫಿ ಕುಯ್ಲು ಮುಗಿದ ಮೇಲೆ ಒಂದು ದಿನ, ಮೂಡಿಗೆರೆ, ಚಿಕ್ಕಮಗಳೂರಿನಿಂದಲೂ ಜನ ಬುತ್ತಿ ಕಟ್ಟಿಕೊಂಡು ಅದನ್ನು ಹತ್ತಲು ಬರುತ್ತಿದ್ದರು. ತುದಿಗೆ ಸ್ವಲ್ಪ ಮುಂಚೆ ಗೋಡೆಬಂಡೆ: ಒಂದು ಕಡೆ ನೆಟ್ಟಗೆ ನಿಂತ ಕಲ್ಲು, ಇನ್ನೊಂದು ಕಡೆ ಪ್ರಪಾತ, ನಡುವೆ ಒಬ್ಬರು ಕಾಲಿಡುವಷ್ಟೇ ದಾರಿ. ವಿಧವೆಯೆಂದು ಮದುವೆ ಮುಂಜಿಗೆ ಅತ್ತಿಗೆಯನ್ನು ಕರೆಯದ ಜನವೇ ಅಲ್ಲಿ ಮಾತ್ರ ಅವರನ್ನು ಮುಂದೆ ಬಿಟ್ಟು ಹಿಂದೆ ನಡೆಯುತ್ತಿದ್ದರು. "ಕಲ್ಲಿಗೆ ಎದೆ ಕೊಡಿ, ಗಾಳಿಗೆ ಬೆನ್ನು ಕೊಡಿ" ಎಂದು ಅವರು ಹೇಳಿದರೆ ನಡುಗುವ ಕಾಲೂ ಮುಂದೆ ಹೋಗುತ್ತಿತ್ತು. ವರ್ಷದಲ್ಲಿ ಅವರ ಮುಖ ಅರಳುತ್ತಿದ್ದದ್ದು ಆ ಒಂದು ದಿನ. ಅದನ್ನೂ ನನ್ನಿಂದ ಸಹಿಸಲಾಗುತ್ತಿರಲಿಲ್ಲ.

ಮಗಳಿಗೆ ಐದಾದ ವರ್ಷ ಅವಳನ್ನೂ ಕರೆದೊಯ್ದೆವು. ಗೋಡೆಬಂಡೆ ಬಂತು. ನಾನು ಕೈ ಚಾಚಿದೆ. ಅವಳು ನನ್ನ ಕೈ ಕೊಡವಿ ಅತ್ತೆಯ ಕೈ ಹಿಡಿದಳು. ಅಷ್ಟು ಜನರ ಎದುರು ನನ್ನ ಬಾಯಿಂದ ಬಂದೇಬಿಟ್ಟಿತು.

"ಹೆತ್ತದ್ದು ನಾನಲ್ವಾ? ಬೇಕಾದ್ರೆ ಪೂರ್ತಿ ನೀವೇ ಇಟ್ಕೊಳ್ಳಿ ಅತ್ತಿಗೆ."

ಅತ್ತಿಗೆ ನನ್ನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಮಗಳ ಕೈ ಬಿಡಿಸಿಕೊಂಡು ದಾರಿಬದಿಯಲ್ಲಿ ಕೂತುಬಿಟ್ಟರು.

"ಯಾಕೋ ತಲೆ ತಿರುಗ್ತದೆ ಮಾರಾಯ್ತಿ. ಕೆಳಗೆ ನೋಡ್ಬಿಟ್ಟೆ, ಭಯ ಆಗ್ತದೆ. ಮಗೂನ ನೀನೇ ದಾಟಿಸು."

"ಅತ್ತೆಗೂ ಭಯ ಆಗ್ತದಾ?" ಮಗಳು ಕಣ್ಣರಳಿಸಿದಳು.

"ನಿನ್ನ ಅಮ್ಮಂಗೆ ಆಗಲ್ಲ. ಹೋಗು."

ಮಗಳು ನನ್ನ ಕೈ ಹಿಡಿದಳು. ಕಲ್ಲಿಗೆ ಎದೆ ಕೊಟ್ಟು, ಗಾಳಿಗೆ ಬೆನ್ನು ಕೊಟ್ಟು ದಾಟಿದೆ. ಗೆದ್ದೆ ಎಂದುಕೊಂಡು ಆಚೆಯಿಂದ ತಿರುಗಿ ನೋಡಿದರೆ, ಅತ್ತಿಗೆ ಪ್ರಪಾತದ ಅಂಚಿನಲ್ಲಿ ಕಾಲು ಇಳಿಬಿಟ್ಟುಕೊಂಡು ಹುರಿಗಡಲೆ ತಿನ್ನುತ್ತಿದ್ದರು.

ಆಮೇಲೆ ಅವರು ಗುಡ್ಡ ಹತ್ತಲೇ ಇಲ್ಲ. ಪ್ರತಿವರ್ಷ ಕಡುಬು ಬೇಯಿಸಿ, ಬುತ್ತಿ ಕಟ್ಟಿಕೊಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದರು. "ಬನ್ನಿ ಅತ್ತಿಗೆ" ಎಂದು ನಾನೇ ಕರೆದೆ. "ಬಂದ್ರೆ ಮಗು ನನ್ನ ಕೈಯೇ ಹಿಡೀತದೆ. ಬೇಡ ಮಾರಾಯ್ತಿ" ಎಂದರು. ಬಿಟ್ಟುಕೊಡುವುದರಲ್ಲೂ ಅವರೇ ನನಗಿಂತ ಮೇಲೆ. ಅದಕ್ಕೂ ನನಗೆ ಕಿಚ್ಚು.

ಮಗಳಿಗೆ ಹದಿನಾಲ್ಕಾದ ವರ್ಷ ಅತ್ತಿಗೆ ಹಾಸಿಗೆ ಹಿಡಿದರು. ಕಾಲಿಗೆ ಎಣ್ಣೆ ತಿಕ್ಕುವಾಗ ನೋಡಿದೆ. ಒಲೆಯ ಮುಂದೆಯೇ ವರ್ಷಗಳನ್ನು ಕಳೆದ ಆ ಹಿಮ್ಮಡಿಗಳು ನನ್ನವುಗಳ ಹಾಗೆಯೇ ಒಡೆದಿದ್ದವು. ತಲೆಯ ಬಳಿ ಕೂತಿದ್ದ ಮಗಳು, "ಹುಷಾರಾದ ಮೇಲೆ ನಿಮ್ಮನ್ನ ನಾನು ಗೋಡೆಬಂಡೆ ದಾಟಿಸ್ತೇನೆ ಅತ್ತೆ, ಹೆದರ್ಬೇಡಿ" ಎಂದಳು.

ಅತ್ತಿಗೆ ನನ್ನತ್ತ ನೋಡಿ ನಕ್ಕರು. "ಹೂಂ ಪುಟ್ಟಿ, ಗಟ್ಟಿ ಹಿಡ್ಕೋ. ನಂಗೆ ಭಾರೀ ಭಯ."

ಅವರು ಹೋದ ಮೇಲೆ ಮಗಳಿಗೆ ನಿಜ ಹೇಳಿದೆ. ಹೇಳದಿದ್ದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಅವಳು ಬಿಕ್ಕಿ ಬಿಕ್ಕಿ ಅತ್ತಳು. ನಾನು ಹೋದಾಗ ಇವಳು ಹೀಗೆ ಅಳುತ್ತಾಳೆಯೇ ಎಂದು ಆಗಲೂ ಹೊಟ್ಟೆಕಿಚ್ಚಾಯಿತು. ಆದರೆ ಅಳುವಾಗ ಅವಳು ಹಿಡಿದುಕೊಂಡಿದ್ದು ನನ್ನ ಕೈಯನ್ನು.